ಜೊತೆಯಲ್ಲಿ ಬಂದವರು ಯಾರ ಪರ? ಮನೆ ಕೊಳ್ಳುವವರಿಗೂ ಮನೆ ತೋರಿಸುವವರಿಗೂ ಒಂದು ಬಹಿರಂಗ ಪತ್ರ

ಮೊದಲ ಬಾರಿಗೆ ಮನೆ ಕೊಳ್ಳಲು ಹೊರಟಿರುವ ಎಲ್ಲರಿಗೂ, ಮನೆಗಳ ಮಾರಾಟದಲ್ಲಿ ಏಜೆಂಟರಾಗಿ ದುಡಿಯುತ್ತಿರುವವರಿಗೂ, ಈ ವ್ಯವಹಾರಕ್ಕೆ ನಿಯಮ ರೂಪಿಸುವ ಹೊಣೆ ಹೊತ್ತ ಅಧಿಕಾರಿಗಳಿಗೂ ನಮಸ್ಕಾರಗಳು.

ನಾವು ಮೊದಲ ಮನೆ ಕೊಳ್ಳಲು ಹೊರಟಾಗ ನಮಗೆ ಮನೆಗಳನ್ನು ತೋರಿಸಿದ ಏಜೆಂಟರು ಸಜ್ಜನರು. ಎರಡು ತಿಂಗಳಲ್ಲಿ ನಮ್ಮನ್ನು ಹದಿಮೂರು ಮನೆಗಳಿಗೆ ಕರೆದೊಯ್ದರು. ಒಂದು ದಿನವೂ ಹೇಳಿದ ಹೊತ್ತಿಗಿಂತ ತಡವಾಗಿ ಬರಲಿಲ್ಲ, ನಮ್ಮ ಪ್ರಶ್ನೆಗಳಿಗೆ ಒಮ್ಮೆಯೂ ಬೇಸರಿಸಲಿಲ್ಲ, ಮಂಡಿನೋವಿದ್ದ ನನ್ನ ತಾಯಿ ಮೆಟ್ಟಿಲು ಹತ್ತುವಾಗ ತಾವೇ ಮುಂದೆ ಬಂದು ಕೈಹಿಡಿದರು. ಹದಿಮೂರನೆಯ ಮನೆ ನಮಗೆ ಹಿಡಿಸಿತು. ಅದನ್ನು ನೋಡಿ ಹೊರಗೆ ಬಂದಾಗ, ಬಾಗಿಲಿಗೆ ಬೀಗ ಹಾಕುತ್ತಲೇ ಅವರು, "ಕೊನೆಯ ಮಾತು ಅಂತ ನೀವು ಎಷ್ಟರವರೆಗೆ ಹೋಗಬಲ್ಲಿರಿ ಸರ್? ತಿಳಿದಿದ್ದರೆ ಮಾತಾಡುವುದಕ್ಕೆ ನನಗೆ ಅನುಕೂಲ" ಎಂದರು. ನನ್ನ ಪತ್ನಿ ನನ್ನ ಮೊಣಕೈ ಮುಟ್ಟಿದಳು. ಅಷ್ಟರಲ್ಲಿ ನಾನು ಮೊತ್ತ ಹೇಳಿಯಾಗಿತ್ತು. ಮರುದಿನ ನಾವು ಅದಕ್ಕಿಂತ ಸಾಕಷ್ಟು ಕಡಿಮೆ ಬೆಲೆಗೆ ಕೇಳಿದೆವು. ಸಂಜೆ ಮಾರುವವರಿಂದ ಬಂದ ಉತ್ತರದಲ್ಲಿ ಇದ್ದದ್ದು ನಾನು ಬಾಗಿಲ ಬಳಿ ಹೇಳಿದ ಅದೇ ಮೊತ್ತ. ಒಂದು ಬಿಡಿಗಾಸು ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ಮನೆ ಬೇಕಾಗಿತ್ತು, ಕೊಂಡೆವು. ನೋಂದಣಿ ಮುಗಿದು ಕೆಲವು ವಾರಗಳಾದ ಮೇಲೆ ಕಾಗದಪತ್ರಗಳನ್ನು ಜೋಡಿಸಿಡುವಾಗ ಮೊದಲ ದಿನ ಸಹಿ ಮಾಡಿದ್ದ ಒಂದು ಹಾಳೆ ಕೈಗೆ ಬಂತು. ಅದರ ನಡುವಿನ ಒಂದು ಸಾಲಿನಲ್ಲಿ, ಏಜೆಂಟರು ಈ ವ್ಯವಹಾರದಲ್ಲಿ ಮಾರಾಟಗಾರರನ್ನು ಪ್ರತಿನಿಧಿಸುತ್ತಾರೆ ಎಂದು ಸ್ಪಷ್ಟವಾಗಿ ಬರೆದಿತ್ತು. ಕೆಳಗೆ ನನ್ನದೇ ಸಹಿ ಇತ್ತು. ಮೊದಲ ಮನೆಯ ಜಗಲಿಯ ಮೇಲೆ ನಿಂತುಕೊಂಡು, ಅವರು ಹಿಡಿದಿದ್ದ ಪ್ಯಾಡಿನ ಮೇಲೆ, "ಇದೊಂದು ಫಾರ್ಮಾಲಿಟಿ ಅಷ್ಟೇ" ಎಂಬ ಮಾತು ಕೇಳಿಸಿಕೊಳ್ಳುತ್ತಾ ನಾನು ಹಾಕಿದ್ದ ಸಹಿ ಅದು.

ಆ ಹಾಳೆಯನ್ನು ನೋಡಿದಾಗ ಮೊದಲು ಬಂದದ್ದು ಸಿಟ್ಟು. ಅವರು ನಮ್ಮನ್ನು ವಂಚಿಸಿದರು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಏಜೆನ್ಸಿಯ, ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸುವ ಸಂಬಂಧದ, ಕಾನೂನನ್ನು ಓದುತ್ತಾ ಹೋದಂತೆ ಸಿಟ್ಟಿಗಿಂತ ಕಹಿಯಾದ ಒಂದು ಸಂಗತಿ ತಿಳಿಯಿತು. ಅವರು ವಂಚಿಸಿರಲಿಲ್ಲ. ಮಾರುವವರು ಅವರಿಗೆ ಕೆಲಸ ಒಪ್ಪಿಸಿದ್ದರು. ಆ ಕೆಲಸಕ್ಕೆ ಸಂಬಂಧಿಸಿದಂತೆ ತಮಗೆ ತಿಳಿದ ಮುಖ್ಯ ಸಂಗತಿಯನ್ನು ಮಾರುವವರಿಗೆ ತಿಳಿಸುವುದು ಅವರ ಕರ್ತವ್ಯವಾಗಿತ್ತು. ಕೊಳ್ಳುವವರು ಎಷ್ಟರವರೆಗೆ ಏರಬಲ್ಲರು ಎಂಬುದಕ್ಕಿಂತ ಮುಖ್ಯವಾದ ಸಂಗತಿ ಮಾರುವವರಿಗೆ ಇನ್ನಾವುದಿದೆ? ನಾನು ಎದುರು ಪಕ್ಷದ ವಕೀಲರ ಕಿವಿಯಲ್ಲಿ ನನ್ನ ಗುಟ್ಟು ಹೇಳಿ, ಅದು ಹೊರಬಿತ್ತು ಎಂದು ದುಃಖಿಸುತ್ತಿದ್ದೆ. ಅವರು ಎದುರು ಪಕ್ಷದವರು ಎಂಬುದು ಎರಡು ತಿಂಗಳ ಒಡನಾಟದಲ್ಲಿ ಒಮ್ಮೆಯೂ ನನ್ನ ಮನಸ್ಸಿಗೆ ಬಂದಿರಲಿಲ್ಲ, ಬರುವಂತೆ ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಈ ಪತ್ರವನ್ನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಮನೆ ತೋರಿಸುವವರು ತಾವು ಯಾರ ಪರ ಎಂಬುದನ್ನು ಮೊದಲ ಮನೆಯ ಬಾಗಿಲು ತೆರೆಯುವ ಮುಂಚೆಯೇ ಹೇಳಬೇಕು, ಅದನ್ನು ಕೇಳಿ ತಿಳಿಯದೆ ಕೊಳ್ಳುವವರು ತಮ್ಮ ಹಣಕಾಸಿನ ಮಾತೆತ್ತಬಾರದು.

ಕೊಳ್ಳುವವರಾದ ತಮಗೆ ಮೊದಲು ಒಂದು ವ್ಯತ್ಯಾಸವನ್ನು ತಿಳಿಸಬೇಕು. ಏಜೆಂಟರ ಬಳಿಗೆ ಹೋಗುವವರು ಎರಡು ಬಗೆ: ಅವರ ಕಕ್ಷಿದಾರರು, ಅವರ ಗಿರಾಕಿಗಳು. ಏಜೆಂಟರಿಗೆ ಕೆಲಸ ಒಪ್ಪಿಸಿ, ತಮ್ಮ ಪರವಾಗಿ ಮಾತಾಡುವ ಅಧಿಕಾರ ಕೊಟ್ಟವರು ಕಕ್ಷಿದಾರರು. ಅಂಗಡಿಗೆ ಬಂದು ಸರಕು ನೋಡುವವರಂತೆ ಅವರ ಬಳಿ ಮನೆ ನೋಡಲು ಬಂದವರು ಗಿರಾಕಿಗಳು. ಇಬ್ಬರಿಗೂ ಅದೇ ನಗುಮುಖ, ಅದೇ ಉಪಚಾರ ಸಿಗುತ್ತದೆ. ಹಾಗಾಗಿಯೇ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಏಜೆಂಟರ ನಿಷ್ಠೆ ಕಕ್ಷಿದಾರರಿಗೆ ಮಾತ್ರ ಸಲ್ಲುತ್ತದೆ. ಕಕ್ಷಿದಾರರ ಹಿತವನ್ನು ತಮ್ಮ ಹಿತಕ್ಕಿಂತ ಮೇಲಿಡುವುದು, ಅವರ ಗುಟ್ಟನ್ನು ಕಾಪಾಡುವುದು, ಅವರ ನ್ಯಾಯಯುತ ಸೂಚನೆಯಂತೆ ನಡೆಯುವುದು, ತಮಗೆ ತಿಳಿದದ್ದನ್ನು ಅವರಿಗೆ ತಿಳಿಸುವುದು, ಕುಶಲತೆಯಿಂದಲೂ ಎಚ್ಚರದಿಂದಲೂ ಕೆಲಸ ಮಾಡುವುದು, ಕೈಗೆ ಬಂದ ಹಣಕ್ಕೆ ಲೆಕ್ಕ ಒಪ್ಪಿಸುವುದು, ಇವೆಲ್ಲ ಕಕ್ಷಿದಾರರಿಗೆ ಸಲ್ಲಬೇಕಾದವು. ಗಿರಾಕಿಗೆ ಸಲ್ಲಬೇಕಾದದ್ದು ಪ್ರಾಮಾಣಿಕ ನಡವಳಿಕೆ: ಸುಳ್ಳು ಹೇಳಬಾರದು, ಅವರ ಮುಂಗಡ ಹಣವನ್ನು ದುರುಪಯೋಗ ಮಾಡಬಾರದು, ಮನೆಯ ದೊಡ್ಡ ದೋಷ ಗೊತ್ತಿದ್ದರೆ ಮುಚ್ಚಿಡಬಾರದು ಎಂದು ಅನೇಕ ಕಡೆಯ ಕಾನೂನು ಹೇಳುತ್ತದೆ. ಅದರಾಚೆಗೆ ಸಲಹೆಯನ್ನು ನಿರೀಕ್ಷಿಸುವ ಹಕ್ಕು ಗಿರಾಕಿಗಿಲ್ಲ.

ಈ ವ್ಯತ್ಯಾಸ ಕೊಳ್ಳುವ ಹೊತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಪ್ರಶ್ನೆಯಿಂದ ತಿಳಿಯಬಹುದು. "ಈ ಮನೆಗೆ ಇಷ್ಟು ಬೆಲೆ ಹೆಚ್ಚಾಯಿತಲ್ಲವೇ?" ಎಂದು ತಾವು ಕೇಳುತ್ತೀರಿ ಎಂದಿಟ್ಟುಕೊಳ್ಳಿ. ತಮ್ಮ ಪರವಾದ ಏಜೆಂಟರಾದರೆ ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಇಂಥವೇ ಮನೆಗಳ ಬೆಲೆ ತೆಗೆದು ತೋರಿಸಿ, ಹೆಚ್ಚಾಯಿತು ಎನಿಸಿದರೆ ಹೆಚ್ಚಾಯಿತು ಎಂದೇ ಹೇಳಬೇಕು, ಎಷ್ಟಕ್ಕೆ ಕೇಳಬಹುದು ಎಂದೂ ಸೂಚಿಸಬೇಕು. ಮಾರುವವರ ಏಜೆಂಟರು ಹಾಗೆ ಹೇಳಿದರೆ ತಮಗೆ ಕೆಲಸ ಒಪ್ಪಿಸಿದವರಿಗೆ ದ್ರೋಹ ಮಾಡಿದಂತೆ. ಅವರು "ಈ ಭಾಗದಲ್ಲಿ ಬೇಡಿಕೆ ಚೆನ್ನಾಗಿದೆ" ಎಂದು ಉತ್ತರಿಸಿದರೆ ಅದು ಸುಳ್ಳಾಗಿರಬೇಕಿಲ್ಲ. ಆದರೆ ಅದು ತಾವು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. "ಮಾರುವವರಿಗೆ ಅವಸರವಿದೆಯೇ?" ಎಂಬ ಪ್ರಶ್ನೆಯೂ ಹೀಗೆಯೇ. ಒಬ್ಬರು ಅದನ್ನು ವಿಚಾರಿಸಿ ತಂದು ತಮಗೆ ಹೇಳಬೇಕು, ಇನ್ನೊಬ್ಬರು ಅದನ್ನು ತಮ್ಮಿಂದ ಮುಚ್ಚಿಡಬೇಕು.

ಇದು ಹೊಸದಾಗಿ ಹುಟ್ಟಿದ ಸೂಕ್ಷ್ಮವೇನಲ್ಲ. ಭಾರತದ ಕರಾರು ಕಾಯಿದೆ 1872ರದು. ಅದರ ಹತ್ತನೆಯ ಅಧ್ಯಾಯವಿಡೀ ಏಜೆನ್ಸಿಯ ಸಂಬಂಧದ ಮೇಲಿದೆ. ಅದರ 216ನೆಯ ಕಲಮಿಗೆ ಕಾಯಿದೆಯಲ್ಲೇ ಕೊಟ್ಟಿರುವ ಉದಾಹರಣೆ ಮನೆ ಕೊಳ್ಳುವುದನ್ನೇ ಕುರಿತದ್ದು. ಒಬ್ಬರು ತಮ್ಮ ಏಜೆಂಟರಿಗೆ ಇಂಥ ಮನೆಯನ್ನು ನನಗಾಗಿ ಕೊಳ್ಳಿ ಎಂದು ಹೇಳುತ್ತಾರೆ. ಏಜೆಂಟರು ಬಂದು, ಆ ಮನೆ ಸಿಗುವುದಿಲ್ಲ ಎಂದು ತಿಳಿಸಿ, ತಾವೇ ಅದನ್ನು ಕೊಂಡುಬಿಡುತ್ತಾರೆ. ವಿಷಯ ಗೊತ್ತಾದಾಗ, ಏಜೆಂಟರು ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಮಾರಬೇಕೆಂದು ಕೆಲಸ ಒಪ್ಪಿಸಿದವರು ಒತ್ತಾಯಿಸಬಹುದು. ನೂರೈವತ್ತು ವರ್ಷಗಳ ಹಿಂದಿನ ಈ ಉದಾಹರಣೆಯನ್ನು ಓದಿದಾಗ ನನಗೆ ಅನಿಸಿದ್ದು, ಕಾನೂನು ಇಷ್ಟು ಬಲವಾದ ರಕ್ಷಣೆಯನ್ನು ಕೊಡಲು ಸಿದ್ಧವಿದ್ದರೂ ಅದು ಸಿಗುವುದು ಕೆಲಸ ಒಪ್ಪಿಸಿದವರಿಗೆ ಮಾತ್ರ ಎಂದು. ಜಗಲಿಯ ಮೇಲೆ ನಿಂತು ಓದದೆ ಸಹಿ ಮಾಡಿದ ನಾನು ಯಾರಿಗೂ ಏನನ್ನೂ ಒಪ್ಪಿಸಿರಲಿಲ್ಲ.

ನನ್ನ ಈ ತಪ್ಪು ನನ್ನೊಬ್ಬನದಲ್ಲ ಎಂಬುದಕ್ಕೆ ಅಮೆರಿಕದ ಅನುಭವ ಸಾಕ್ಷಿ. ಅಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ, ಕೊಳ್ಳುವವರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮನೆಮನೆಗೆ ಕರೆದೊಯ್ಯುವ ಏಜೆಂಟರು ಕಾನೂನಿನ ಪ್ರಕಾರ ಮಾರುವವರ ಉಪ-ಏಜೆಂಟರಾಗಿದ್ದರು. ಏಜೆಂಟರು ತಮ್ಮತಮ್ಮಲ್ಲಿ ಮನೆಗಳ ವಿವರ ಹಂಚಿಕೊಳ್ಳುವ ಪಟ್ಟಿಗೆ ಒಂದು ಮನೆ ಸೇರಿತೆಂದರೆ, ಆ ಮನೆಗೆ ಗಿರಾಕಿ ಕರೆತರುವ ಪ್ರತಿಯೊಬ್ಬ ಏಜೆಂಟರೂ ಮಾರುವವರ ಕಡೆಯವರಾಗಿಬಿಡುತ್ತಿದ್ದರು. ವ್ಯಾಪಾರದ ಮೇಲೆ ನಿಗಾ ಇಡುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1983ರಲ್ಲಿ ಹೊರತಂದ ವರದಿಯಲ್ಲಿ, ಕೊಂಡವರಲ್ಲಿ ಹೆಚ್ಚಿನವರು ಆ ಏಜೆಂಟರು ತಮ್ಮ ಪರವಾಗಿಯೇ ಇದ್ದರೆಂದು ನಂಬಿದ್ದದ್ದು ಕಂಡುಬಂತು. ಹಣ ಕೊಡುವ ಕಡೆಯವರಲ್ಲಿ ಹೆಚ್ಚಿನವರು ತಪ್ಪಾಗಿ ತಿಳಿದಿರುವ ಒಂದು ವ್ಯವಸ್ಥೆ ದಶಕಗಳ ಕಾಲ ಸುಗಮವಾಗಿ ನಡೆಯಿತು ಎಂಬುದು ಯೋಚಿಸಬೇಕಾದ ಸಂಗತಿ. ಆಮೇಲೆ ರಾಜ್ಯದಿಂದ ರಾಜ್ಯಕ್ಕೆ, ಏಜೆಂಟರು ತಾವು ಯಾರ ಪರ ಎಂದು ತಿಳಿಸಬೇಕೆಂಬ ಪ್ರಕಟಣೆಯ ಕಾನೂನುಗಳು ಬಂದವು, 1990ರ ದಶಕದಲ್ಲಿ ಉಪ-ಏಜೆಂಟರ ಪದ್ಧತಿ ಹಿಂದೆ ಸರಿದು ಕೊಳ್ಳುವವರ ಏಜೆಂಟರು ಎಂಬ ಪ್ರತ್ಯೇಕ ವರ್ಗ ಬೆಳೆಯಿತು. ಬ್ರಿಟನ್ನಿನಲ್ಲಾದರೆ ಇಂದಿಗೂ ಎಸ್ಟೇಟ್ ಏಜೆಂಟರು ಎಂದರೆ ಸಾಮಾನ್ಯವಾಗಿ ಮಾರುವವರ ಏಜೆಂಟರೇ. ಆದರೆ ಅಲ್ಲಿನ 1979ರ ಎಸ್ಟೇಟ್ ಏಜೆಂಟರ ಕಾಯಿದೆಯಂತೆ, ಆ ಮನೆಯಲ್ಲಿ ಅವರಿಗೆ ಸ್ವಂತ ಹಿತಾಸಕ್ತಿ ಏನಾದರೂ ಇದ್ದರೆ ಅದನ್ನು ಅವರು ಮಾತುಕತೆಗೆ ಇಳಿಯುವ ಮೊದಲೇ ತಿಳಿಸಬೇಕು.

ಮಾರುವವರ ಕಡೆಯವರು ಅಥವಾ ಕೊಳ್ಳುವವರ ಕಡೆಯವರು ಎಂದು ಸ್ಪಷ್ಟವಾಗಿ ಗೊತ್ತಾದರೆ ಅರ್ಧ ತೊಂದರೆ ತಪ್ಪಿತು. ನಿಜವಾದ ತೊಡಕು ಇರುವುದು ಒಬ್ಬರೇ ಎರಡೂ ಕಡೆಯವರಾದಾಗ. ತಾವು ಒಬ್ಬ ಏಜೆಂಟರನ್ನು ತಮ್ಮ ಪರವಾಗಿ ಗೊತ್ತು ಮಾಡಿಕೊಂಡಿರುತ್ತೀರಿ. ತಮಗೆ ಇಷ್ಟವಾದ ಮನೆಯ ಮಾಲೀಕರೂ ಅವರಿಗೇ ಕೆಲಸ ಒಪ್ಪಿಸಿರುತ್ತಾರೆ. "ಇಬ್ಬರಿಗೂ ನಾನೇ ಇರುವುದರಿಂದ ಮಾತು ಬೇಗ ಮುಗಿಯುತ್ತದೆ" ಎಂಬ ಸಮಾಧಾನ ಬರುತ್ತದೆ. ಬೇಗ ಮುಗಿಯಬಹುದು. ಆದರೆ ಕಡಿಮೆಗೆ ಕೊಡಿಸುತ್ತೇನೆ ಎಂದು ಒಬ್ಬರಿಗೂ ಹೆಚ್ಚಿಗೆ ಮಾರಿಸುತ್ತೇನೆ ಎಂದು ಇನ್ನೊಬ್ಬರಿಗೂ ಮಾತು ಕೊಟ್ಟವರು ಎರಡನ್ನೂ ನಡೆಸಲಾರರು. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಕೊಳ್ಳುವವರಾದ ತಮ್ಮ ಮಿತಿ ಅವರಿಗೆ ಗೊತ್ತು, ಮಾಲೀಕರ ಅವಸರವೂ ಗೊತ್ತು, ಎರಡನ್ನೂ ಯಾರಿಗೂ ಹೇಳುವಂತಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರು ಕೊನೆಗೆ ಮಾಡಬಹುದಾದದ್ದು ಕಾಗದಗಳನ್ನು ಅತ್ತಿಂದಿತ್ತ ಒಯ್ಯುವುದು ಮಾತ್ರ. ಅಂದರೆ, ತಾವು ಯಾವ ಸಲಹೆಗಾಗಿ ಏಜೆಂಟರನ್ನು ಹುಡುಕಿದಿರೋ ಆ ಸಲಹೆ ಅತ್ಯಗತ್ಯವಾದ ಘಳಿಗೆಯಲ್ಲೇ ಅವರ ಬಾಯಿ ಕಟ್ಟಿಹೋಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2018ರ ಜೂನ್ 15ರಿಂದ, ಬೇರೆ ಏಜೆಂಟರು ಸಿಗುವುದೇ ಕಷ್ಟವಾದ ದೂರದ ಪ್ರದೇಶಗಳನ್ನು ಬಿಟ್ಟು, ಇಂಥ ಉಭಯ ಪ್ರಾತಿನಿಧ್ಯವನ್ನು ನಿಷೇಧಿಸಿತು. ಅಮೆರಿಕದ ಫ್ಲಾರಿಡಾ, ಕೊಲರಾಡೊ ಮುಂತಾದ ಕೆಲವು ರಾಜ್ಯಗಳಲ್ಲೂ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಯಾರ ಪರವೂ ವಹಿಸದೆ ವ್ಯವಹಾರವನ್ನು ನಡೆಸಿಕೊಡುವ ಮಧ್ಯವರ್ತಿಯ ಪಾತ್ರ ಬೇರೆಯಾಗಿ ಇದೆ. ಇನ್ನು ಹಲವು ಕಡೆ, ಇಬ್ಬರೂ ತಿಳಿದು ಲಿಖಿತವಾಗಿ ಒಪ್ಪಿದರೆ ಸಾಕು ಎಂಬ ನಿಯಮವಿದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಅಂಥ ಒಪ್ಪಿಗೆಯನ್ನು ಕೊಡಬೇಡಿ. ಆ ಒಂದು ಮನೆಯ ಮಟ್ಟಿಗೆ ಬೇರೊಬ್ಬರನ್ನು ಗೊತ್ತು ಮಾಡಿಕೊಳ್ಳುವುದು, ಅದೂ ಆಗದಿದ್ದರೆ ಬೆಲೆಯ ಮಾತನ್ನು ತಾವೇ ಆಡುವುದು ಉತ್ತಮ.

ಒಂದೇ ಕಚೇರಿಯ ಇಬ್ಬರು ಏಜೆಂಟರು ಎರಡು ಕಡೆಗೆ ನಿಲ್ಲುವುದೂ ಉಂಟು. ಅದು ಒಬ್ಬರೇ ಇಬ್ಬರಾಗುವುದಕ್ಕಿಂತ ವಾಸಿ. ಆದರೂ ತಮ್ಮ ಕಡತವನ್ನು ಆ ಕಚೇರಿಯಲ್ಲಿ ಯಾರು ಯಾರು ನೋಡಬಲ್ಲರು ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ.

ಈಗ ಹಣದ ಮಾತು. ಏಜೆಂಟರಿಗೆ ಯಾರು ಹಣ ಕೊಡುತ್ತಾರೋ ಅವರ ಪರ ಏಜೆಂಟರು ಇರುತ್ತಾರೆ ಎಂದು ಅನೇಕರು ತಿಳಿಯುತ್ತಾರೆ. ಹಾಗೇನಿಲ್ಲ. ಮಾರುವವರ ಕೈಯಿಂದ ಬಂದ ಹಣದಲ್ಲೇ ಕೊಳ್ಳುವವರ ಏಜೆಂಟರಿಗೆ ಪಾಲು ಸಿಗುವ ಪದ್ಧತಿ ಹಲವೆಡೆ ಇದೆ. ನಿಷ್ಠೆಯನ್ನು ನಿರ್ಧರಿಸುವುದು ಒಪ್ಪಂದ. ಆದರೆ ಹಣ ಬರುವ ದಾರಿ ಮನಸ್ಸನ್ನು ಎಳೆಯುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು. ಕಮಿಷನ್ ಬೆಲೆಯ ಶೇಕಡಾ ಲೆಕ್ಕದಲ್ಲಿ ಇರುವಾಗ, ತಮ್ಮ ಏಜೆಂಟರು ಬಹಳ ಶ್ರಮಪಟ್ಟು ಬೆಲೆಯನ್ನು ಶೇಕಡಾ 5ರಷ್ಟು ಇಳಿಸಿದರೆ ಅವರ ಸಂಪಾದನೆಯೂ ಶೇಕಡಾ 5ರಷ್ಟು ಇಳಿಯುತ್ತದೆ. ಆ ಇಳಿಕೆ ಅವರಿಗೆ ದೊಡ್ಡದೇನಲ್ಲ. ಅವರನ್ನು ಹೆಚ್ಚು ಕಾಡುವ ಚಿಂತೆ ಬೇರೆ: ಈ ವ್ಯವಹಾರ ಮುರಿದರೆ ಎರಡು ತಿಂಗಳ ಓಡಾಟಕ್ಕೆ ಏನೂ ಸಿಗುವುದಿಲ್ಲ. ಹಾಗಾಗಿ "ಇದನ್ನು ಕೈಬಿಡಬೇಡಿ" ಎಂಬ ಮಾತು ತಮ್ಮ ಹಿತಕ್ಕಾಗಿ ಬಂದಿದೆಯೋ ಅವರ ದಣಿವಿನಿಂದ ಬಂದಿದೆಯೋ ಹೇಳುವುದು ಕಷ್ಟ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಅವರು ಶಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಕಕ್ಷಿದಾರರ ಅಂಥವೇ ಮನೆಗಳಿಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಸುಮಾರು ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ತಮ್ಮ ಮನೆಯಾದಾಗ ಇದ್ದ ತಾಳ್ಮೆ ಬೇರೆಯವರ ಮನೆಯಾದಾಗ ಅಷ್ಟಿರಲಿಲ್ಲ. ಇದಕ್ಕೆ ಅವರನ್ನು ಕೆಟ್ಟವರೆನ್ನಬೇಕಾಗಿಲ್ಲ; ಹಣ ಕೊಡುವ ಕ್ರಮವೇ ಅವಸರವನ್ನು ಕಲಿಸುತ್ತದೆ. ತಮ್ಮ ಪರವಾಗಿಯೇ ಇರುವ ಏಜೆಂಟರಿದ್ದಾಗಲೂ ಈ ಎಳೆತವನ್ನು ನೆನಪಿಡುವುದು ಅಗತ್ಯ.

ಅಮೆರಿಕದಲ್ಲಿ ಇತ್ತೀಚೆಗೆ ನಡೆದ ಬದಲಾವಣೆಯ ಮೂಲವೂ ಈ ಹಣದ ದಾರಿಯೇ. ಕೊಳ್ಳುವವರ ಏಜೆಂಟರ ಕಮಿಷನ್ನನ್ನೂ ತಾವೇ ಭರಿಸುವಂತೆ ಮಾಡಿದ ನಿಯಮಗಳ ವಿರುದ್ಧ ಮನೆ ಮಾರಿದವರು ಹೂಡಿದ ಮೊಕದ್ದಮೆಯಲ್ಲಿ 2023ರ ಅಕ್ಟೋಬರ್ 31ರಂದು ಮಿಸೌರಿಯ ಜ್ಯೂರಿಯೊಂದು ಏಜೆಂಟರ ರಾಷ್ಟ್ರೀಯ ಸಂಘ ಮತ್ತು ಕೆಲವು ದೊಡ್ಡ ಸಂಸ್ಥೆಗಳ ಮೇಲೆ ಸುಮಾರು 180 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. ಮರುವರ್ಷದ ಮಾರ್ಚ್‌ನಲ್ಲಿ ಆ ಸಂಘ 41.8 ಕೋಟಿ ಡಾಲರಿಗೆ ರಾಜಿಗೆ ಬಂತು. ರಾಜಿಯ ಫಲವಾಗಿ 2024ರ ಆಗಸ್ಟ್ 17ರಿಂದ, ಏಜೆಂಟರು ಮನೆಗಳ ವಿವರ ಹಂಚಿಕೊಳ್ಳುವ ಪಟ್ಟಿಗಳಲ್ಲಿ ಕೊಳ್ಳುವವರ ಏಜೆಂಟರಿಗೆ ಇಷ್ಟು ಪಾಲು ಎಂದು ನಮೂದಿಸುವುದು ನಿಂತಿತು. ಆ ಪಟ್ಟಿಗಳನ್ನು ಬಳಸುವ ಏಜೆಂಟರು ಮನೆಯೊಳಗೆ ಕರೆದೊಯ್ಯುವ ಮೊದಲೇ ಕೊಳ್ಳುವವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಯಿತು, ಅದರಲ್ಲಿ ತಮ್ಮ ಸಂಭಾವನೆ ಎಷ್ಟೆಂದು ಖಚಿತವಾಗಿ ಬರೆಯಬೇಕಾಯಿತು. ಈ ವ್ಯವಸ್ಥೆಯಲ್ಲಿ ಕೊಳ್ಳುವವರ ಹೊರೆ ಹೆಚ್ಚುತ್ತದೆಯೋ ಇಳಿಯುತ್ತದೆಯೋ ಎಂಬ ಚರ್ಚೆ ಇದ್ದೇ ಇದೆ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಕ್ರಮ: ಮೊದಲು ಮಾತು ಇತ್ಯರ್ಥವಾಗಲಿ, ಆಮೇಲೆ ಬಾಗಿಲು ತೆರೆಯಲಿ.

ಅಂಥ ಒಪ್ಪಂದ ತಮ್ಮ ಮುಂದೆ ಬಂದಾಗ ನಿಂತುಕೊಂಡು ಸಹಿ ಮಾಡಬೇಡಿ. ಮನೆಗೆ ಒಯ್ದು ರಾತ್ರಿ ಕೂತು ಓದಿ. ಏಜೆಂಟರು ಯಾರನ್ನು ಪ್ರತಿನಿಧಿಸುತ್ತಾರೆ ಎಂಬ ಸಾಲನ್ನು ಹುಡುಕಿ ಅಡಿಗೆರೆ ಎಳೆಯಿರಿ. ಆ ಸಾಲೇ ಇಲ್ಲದಿದ್ದರೆ ಅದನ್ನು ಬರೆಯಿಸುವವರೆಗೆ ಮುಂದೆ ಹೋಗಬೇಡಿ. ಒಪ್ಪಂದ ಎಷ್ಟು ದಿನದ್ದು ಎಂಬುದರ ಮೇಲೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಆರು ತಿಂಗಳಿಗೆ ಕಟ್ಟಿಹಾಕಿಕೊಂಡ ಮೇಲೆ ಎರಡನೆಯ ವಾರದಲ್ಲೇ ಹೊಂದಾಣಿಕೆಯಾಗದೆ ಒದ್ದಾಡಿದವರನ್ನು ನೋಡಿದ್ದೇನೆ. ಮೊದಲ ಸಲಕ್ಕೆ ಒಂದು ತಿಂಗಳು, ಸರಿಹೋದರೆ ಮುಂದುವರಿಸುವುದು ಎಂದು ಕೇಳಿದರೆ ಒಳ್ಳೆಯ ಏಜೆಂಟರು ಬೇಸರಪಡುವುದಿಲ್ಲ. ಆ ಅವಧಿಯಲ್ಲಿ ತಾವೇ ಹುಡುಕಿಕೊಂಡ ಮನೆಗೂ, ನೆಂಟರೊಬ್ಬರಿಂದ ನೇರವಾಗಿ ಕೊಂಡ ಮನೆಗೂ ಕಮಿಷನ್ ಕೊಡಬೇಕೇ ಎಂಬುದನ್ನು ನೋಡಿ. ಅವಧಿ ಮುಗಿದ ಮೇಲೂ, ಅವರು ತೋರಿಸಿದ ಮನೆಯನ್ನು ಇಷ್ಟು ತಿಂಗಳೊಳಗೆ ಕೊಂಡರೆ ಹಣ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ. ಅದು ಅನ್ಯಾಯವಲ್ಲ, ಆದರೆ ಯಾವ ಯಾವ ಮನೆ ತೋರಿಸಿದ್ದಾರೆ ಎಂಬ ಪಟ್ಟಿ ಬರಹದಲ್ಲಿ ಇರಬೇಕು. ಇಬ್ಬರಿಗೂ ಪ್ರತಿನಿಧಿಯಾಗಲು ಮುಂಚಿತವಾಗಿಯೇ ಒಪ್ಪಿಗೆ ಪಡೆಯುವ ಒಂದು ಸಾಲು ನಡುವೆ ಎಲ್ಲಾದರೂ ಸೇರಿಕೊಂಡಿದ್ದರೆ ಅದನ್ನು ಹೊಡೆದುಹಾಕಿಸಿ.

ಏಜೆಂಟರು ಸೂಚಿಸುವ ವಕೀಲರು, ಕಟ್ಟಡ ಪರಿಶೀಲಿಸುವವರು, ಸಾಲ ಕೊಡಿಸುವವರ ವಿಷಯದಲ್ಲೂ ಇದೇ ಪ್ರಶ್ನೆಯನ್ನು ಕೇಳಬೇಕು: ಇವರಿಂದ ನಿಮಗೇನಾದರೂ ಬರುತ್ತದೆಯೇ? ಮಾರುವವರ ಏಜೆಂಟರು ಗೊತ್ತು ಮಾಡಿಕೊಟ್ಟ ವಕೀಲರಿಂದ ತಮ್ಮ ಕ್ರಯಪತ್ರವನ್ನು ನೋಡಿಸಬೇಡಿ.

ಇನ್ನು ನಿಯಮ ರೂಪಿಸುವ ಮಾನ್ಯರಲ್ಲಿ ನನ್ನ ಅರಿಕೆ. ಯಾರ ಪರ ಎಂಬುದನ್ನು ಪ್ರಕಟಿಸಬೇಕು ಎಂಬ ನಿಯಮ ಕಾಗದದ ಮೇಲೆ ಇದ್ದರೆ ಸಾಲದು ಎಂಬುದಕ್ಕೆ ನನ್ನ ಸಹಿಯಿರುವ ಹಾಳೆಯೇ ಉದಾಹರಣೆ. ನಿಯಮ ಪಾಲನೆಯಾಗಿತ್ತು, ತಿಳಿವಳಿಕೆ ಮಾತ್ರ ಆಗಿರಲಿಲ್ಲ. ಕೆಲವು ಕಾನೂನುಗಳಲ್ಲಿ ಪದಗಳೇ ಗೊಂದಲವನ್ನು ಹೊತ್ತಿವೆ. ಭಾರತದ 2016ರ ರಿಯಲ್ ಎಸ್ಟೇಟ್ ಕಾಯಿದೆ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿದ್ದು ದೊಡ್ಡ ಹೆಜ್ಜೆಯೇ. ಆದರೆ ಅದರ ವ್ಯಾಖ್ಯೆಯಲ್ಲಿ ಒಬ್ಬರ ಪರವಾಗಿ ಮಾತುಕತೆ ನಡೆಸುವವರೂ, ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸುವವರೂ ಒಂದೇ ಹೆಸರಿನಡಿ ಸೇರುತ್ತಾರೆ. ಪರಿಚಯ ಮಾಡಿಸುವವರಿಗೂ ಪರವಹಿಸುವವರಿಗೂ ಒಂದೇ ಹೆಸರಿದ್ದರೆ, ಎದುರಿಗೆ ನಿಂತ ಏಜೆಂಟರು ಇವೆರಡರಲ್ಲಿ ಯಾರು ಎಂದು ಸಾಮಾನ್ಯ ಜನರು ಹೇಗೆ ತಿಳಿಯಬೇಕು? ಕೆನಡಾದ ಒಂಟಾರಿಯೊ ಪ್ರಾಂತ್ಯ 2023ರ ಡಿಸೆಂಬರ್ 1ರಿಂದ ಈ ಹೆಸರಿನ ಗೊಂದಲವನ್ನೇ ತಿದ್ದಿತು. ಗಿರಾಕಿ ಎಂಬ ವರ್ಗವನ್ನು ತೆಗೆದುಹಾಕಿ, ಏಜೆಂಟರ ಕಕ್ಷಿದಾರರಲ್ಲದವರನ್ನು ಸ್ವಯಂ ಪ್ರತಿನಿಧಿಸಿಕೊಳ್ಳುವ ಪಕ್ಷದವರು ಎಂದು ಕರೆಯಿತು. ಆ ಹೆಸರು ಕಿವಿಗೆ ಒರಟಾಗಿ ಕೇಳುತ್ತದೆ. ಆದರೆ ನಿಮಗೆ ನೀವೇ ದಿಕ್ಕು ಎಂಬ ಸತ್ಯವನ್ನು ಹೆಸರಿನಲ್ಲೇ ಹೇಳಿಬಿಡುತ್ತದೆ. ಸೇವೆ ಆರಂಭಿಸುವ ಮೊದಲೇ ಒಂದು ಮಾಹಿತಿ ಪುಸ್ತಿಕೆಯನ್ನು ಕೊಟ್ಟು ಅದನ್ನು ವಿವರಿಸುವ ಹೊಣೆಯನ್ನೂ ಅಲ್ಲಿ ಏಜೆಂಟರ ಮೇಲೆ ಹೊರಿಸಲಾಗಿದೆ.

ನಾನು ಕೇಳುವುದು ಅದಕ್ಕಿಂತಲೂ ಸರಳ. ಒಂದೇ ಒಂದು ಹಾಳೆ ಸಾಕು. ಬೇರೆ ಯಾವ ಷರತ್ತೂ ಅದರೊಳಗೆ ಬೆರೆಯದಿರಲಿ. ಕೊಳ್ಳುವವರು ದಿನಬಳಕೆಯಲ್ಲಿ ಓದುವ ಭಾಷೆಯಲ್ಲಿ, ಕನ್ನಡಕ ಮರೆತು ಬಂದವರೂ ಓದಬಲ್ಲಷ್ಟು ದೊಡ್ಡ ಅಕ್ಷರದಲ್ಲಿ, ಏಜೆಂಟರು ಯಾರ ಪರ, ಅವರಿಗೆ ಹಣ ಎಲ್ಲಿಂದ ಬರುತ್ತದೆ, ಅವರ ಮುಂದೆ ಏನನ್ನು ಹೇಳಬಾರದು ಎಂಬ ಮೂರು ಮಾತು ಇರಲಿ. ಅದನ್ನು ಮೊದಲ ಮನೆ ತೋರಿಸುವ ಮುನ್ನ ಕೊಟ್ಟು, ಬಾಯಿಂದಲೂ ಓದಿ ಹೇಳಬೇಕು. ನಡುವೆ ಏಜೆಂಟರ ಪಾತ್ರ ಬದಲಾದರೆ ಹೊಸ ಹಾಳೆ ಕೊಡಬೇಕು. ಇದನ್ನು ತಪ್ಪಿಸಿದವರಿಗೆ ಆ ವ್ಯವಹಾರದಲ್ಲಿ ಕಮಿಷನ್ ಕೇಳುವ ಹಕ್ಕಿರಬಾರದು. ತನ್ನ ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟರಿಗೆ ಆ ಭಾಗದ ಕೆಲಸಕ್ಕೆ ಸಂಭಾವನೆ ಇಲ್ಲ ಎಂದು 1872ರ ಆ ಕಾಯಿದೆಯ 220ನೆಯ ಕಲಮು ಆಗಲೇ ಹೇಳಿದೆ; ಕಕ್ಷಿದಾರರಿಗೆ ಇರುವ ಆ ನ್ಯಾಯದ ಒಂದು ಅಂಶ ಗಿರಾಕಿಗೂ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ಕೊನೆಯದಾಗಿ ಏಜೆಂಟರಲ್ಲಿ. ತಮ್ಮ ವೃತ್ತಿಯ ಬಗ್ಗೆ ನನಗೆ ಅಗೌರವವಿಲ್ಲ. ಬಿಸಿಲು ಮಳೆ ಎನ್ನದೆ ಓಡಾಡಿ, ಹತ್ತು ಕಡೆ ಸುತ್ತಿಸಿ ಒಂದು ಕಡೆಯೂ ಕುದುರದೆ ಬರಿಗೈಯಲ್ಲಿ ಮರಳುವ ದಿನಗಳು ತಮಗೆ ಎಷ್ಟಿರುತ್ತವೆ ಎಂಬುದನ್ನು ಬಲ್ಲೆ. "ನಾನು ನಿಮ್ಮ ಪರ ಅಲ್ಲ" ಎಂದು ಮೊದಲೇ ಹೇಳಿದರೆ ಗಿರಾಕಿ ಎದ್ದು ಹೋಗುತ್ತಾರೆ ಎಂಬ ಅಂಜಿಕೆ ತಮ್ಮಲ್ಲಿ ಹಲವರಿಗೆ ಇದೆ ಎಂದೂ ಗೊತ್ತು. ಆ ಅಂಜಿಕೆಗೆ ಉತ್ತರವಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ನಂತರ ಸಂಸಾರ ದೊಡ್ಡದಾಗಿ ನಾವು ಎರಡನೆಯ ಮನೆ ಹುಡುಕಲು ಹೊರಟೆವು. ಒಂದು ಮನೆಯ ಮುಂದೆ ನಮಗಾಗಿ ಕಾಯುತ್ತಿದ್ದ ಏಜೆಂಟರು ಮಧ್ಯವಯಸ್ಸಿನ ಹೆಣ್ಣುಮಗಳು. ಕೀಲಿಗೊಂಚಲಿನಿಂದ ಸರಿಯಾದ ಕೀಲಿಯನ್ನು ಆರಿಸಿ ಹಿಡಿದರೂ ಬೀಗಕ್ಕೆ ಹಾಕಲಿಲ್ಲ. ನಮ್ಮ ಕಡೆ ತಿರುಗಿ, "ಒಳಗೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ ಸರ್, ಮೇಡಂ ನೀವೂ ಕೇಳಿ. ನಾನು ಈ ಮನೆ ಮಾರುವವರ ಕಡೆಯವಳು. ಮನೆಯ ಬಗ್ಗೆ ಏನು ಕೇಳಿದರೂ ನನಗೆ ತಿಳಿದ ಮಟ್ಟಿಗೆ ನಿಜ ಹೇಳುತ್ತೇನೆ. ಆದರೆ ನಿಮ್ಮ ಮಿತಿ ಎಷ್ಟು, ನಿಮಗೆ ಎಷ್ಟು ಅವಸರ ಅನ್ನುವುದನ್ನೆಲ್ಲ ನನ್ನ ಮುಂದೆ ಮಾತಾಡಬೇಡಿ. ಮಾತಾಡಿದರೆ ನಾನು ಅವರಿಗೆ ಹೇಳಬೇಕಾಗುತ್ತದೆ" ಎಂದರು. ಅಷ್ಟು ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನಾವು ಎದ್ದು ಹೋಗಲಿಲ್ಲ. ಮಳೆಗಾಲದಲ್ಲಿ ಹಿಂದಿನ ಕೋಣೆಯ ಗೋಡೆ ಒಸರುತ್ತದೆಯೇ ಎಂದು ನನ್ನ ಪತ್ನಿ ಕೇಳಿದಾಗ, ಒಸರುತ್ತಿತ್ತು, ಕಳೆದ ವರ್ಷ ರಿಪೇರಿ ಮಾಡಿಸಿದ್ದಾರೆ, ಇನ್ನೊಂದು ಮಳೆ ನೋಡದೆ ಪೂರ್ತಿ ನಿಂತಿದೆ ಎಂದು ನಾನು ಹೇಳಲಾರೆ ಎಂದರು. ನಾವು ಎಲ್ಲ ಕೋಣೆಗಳನ್ನೂ ನೋಡಿ, ಅವರಿಗೆ ವಂದಿಸಿ ಹೊರಟೆವು. ಬೆಲೆಯ ಮಾತನ್ನು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಾವಿಬ್ಬರೇ ಆಡಿದೆವು, ಮರುದಿನ ನಮ್ಮ ಪರವಾಗಿ ಮಾತಾಡಲು ಬೇರೊಬ್ಬ ಏಜೆಂಟರನ್ನು ಗೊತ್ತು ಮಾಡಿಕೊಂಡೆವು. ಆ ಮನೆಯಲ್ಲೇ ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಎರಡು ಬಾರಿ ಮನೆ ಕೊಂಡ ಒಬ್ಬ ಗೃಹಸ್ಥ